ಹನ್ನೆರಡು ವೋಲ್ಟಿನ ಸಂಸಾರ

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಕಂಪ್ಯೂಟರಿಗೂ ಕುಂಕುಮ ಭಾಗ್ಯ ಉಂಟು. ಮಾನಿಟರಿನ ಹಣೆಗೆ ಒಂದು ಬೊಟ್ಟು, ಕೀಬೋರ್ಡಿನ ಮೂಲೆಗೆ ಒಂದು, ಮೌಸಿನ ಬೆನ್ನಿಗೆ ಒಂದು, ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಸೇವಂತಿಗೆ. ಹೂವಿನ ಎಸಳು ಫ್ಯಾನಿನೊಳಗೆ ಉದುರದ ಹಾಗೆ ಮಗಳು ಪಕ್ಕದಲ್ಲೇ ನಿಂತು ಕಾಯುತ್ತಾಳೆ. ಪ್ರಿಂಟರಿಗೂ ಪೂಜೆ, ಎಂದೋ ಕೆಟ್ಟು ಕೂತ ಸ್ಕ್ಯಾನರಿಗೂ ಪೂಜೆ. ಆದರೆ ಕ್ಯಾಬಿನೆಟ್ಟಿನ ಕತ್ತಲ ಮೂಲೆಯಲ್ಲಿ ಕೂತು ಇಷ್ಟೂ ಜನರನ್ನು ಸಾಕುವ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈಯ ತಗಡಿನ ಡಬ್ಬಿಗೆ ಯಾರಾದರೂ ಒಂದು ಕಾಳು ಅಕ್ಷತೆ ಹಾಕಿದ್ದನ್ನು ನಾನು ಕಂಡಿಲ್ಲ. ಹಿಂಬದಿಯಲ್ಲಿ ವೈರು ಚುಚ್ಚುವ ಜಾಗ, ಪಕ್ಕದಲ್ಲೊಂದು ಸ್ವಿಚ್ಚು, ಧೂಳು ಮೆತ್ತಿದ ಜಾಲರಿ. ಹೊರಗಿನವರಿಗೆ ಅದರ ದರ್ಶನ ಇಷ್ಟೇ.

ನನಗಾದರೂ ಅದರ ಪರಿಚಯ ಆಗಬೇಕಾದ ಕಾರಣ ಇರಲಿಲ್ಲ. ಕಂಪ್ಯೂಟರಿನಲ್ಲಿ ನಾನು ಮಾಡುವ ಘನಕಾರ್ಯವೆಂದರೆ ಒಂದು ಸಾಲು ಟೈಪು ಮಾಡುವುದು, ಅದನ್ನು ಅಳಿಸುವುದು, ಎದ್ದು ಹೋಗಿ ಕಾಫಿ ಕುಡಿದು ಬಂದು ಅಳಿಸಿದ ಸಾಲನ್ನೇ ಮತ್ತೆ ಟೈಪು ಮಾಡುವುದು. ಇಷ್ಟಕ್ಕೆ ಕರೆಂಟು ಎಷ್ಟು ಬೇಕು? 1981ರಲ್ಲಿ ಐಬಿಎಂನವರು ತಮ್ಮ ಮೊದಲ ಪಿಸಿ ಹೊರತಂದಾಗ ಅದರೊಳಗಿದ್ದ ಪವರ್ ಸಪ್ಲೈ 63.5 ವ್ಯಾಟಿನದು. ನಮ್ಮ ಹಿಂದಿನ ಕಾಲದ ಅರವತ್ತು ಕ್ಯಾಂಡಲ್ ಬಲ್ಬಿಗಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಆ ಅರೆ ವ್ಯಾಟನ್ನೂ ಬಿಡದೆ ಲೆಕ್ಕಕ್ಕೆ ಹಿಡಿದಿದ್ದಾರೆ ನೋಡಿ, ಅಂಥ ಮರ್ಯಾದಸ್ಥರು ಈಗ ಸಿಗುವುದು ಕಷ್ಟ. ನನ್ನ ಇದುವರೆಗಿನ ಸಮಗ್ರ ಸಾಹಿತ್ಯಕ್ಕೆ ಆ 63.5 ವ್ಯಾಟು ಧಾರಾಳವಾಗಿ ಸಾಕು. ಸಾಹಿತ್ಯದ ಗುಣಮಟ್ಟ ನೋಡಿದರೆ ಕೊನೆಯ ಅರೆ ವ್ಯಾಟನ್ನು ವಾಪಸು ಕೊಡಬಹುದು ಎನ್ನುವವರೂ ಇದ್ದಾರೆ.

ಮಗಳ ಸಮಾಚಾರ ಬೇರೆ. ಅವಳು ಅನಿಮೇಷನ್ ಕಲಿಯುತ್ತಿದ್ದಾಳೆ. ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮನೆ ಕಟ್ಟುತ್ತಾಳೆ, ಮರ ನೆಡುತ್ತಾಳೆ, ಮಳೆ ಸುರಿಸುತ್ತಾಳೆ. ಹಾಗೆ ಕಟ್ಟಿದ್ದಕ್ಕೆ ಬೆಳಕು ಬಿಟ್ಟು ಚಿತ್ರವಾಗಿ ಇಳಿಸುವುದಕ್ಕೆ ರೆಂಡರಿಂಗ್ ಅನ್ನುತ್ತಾರೆ. ಮಳೆಹನಿಯೊಂದು ಮಂಗಳೂರು ಹಂಚಿನ ಮೇಲೆ ಬಿದ್ದು ಸಿಡಿಯುವ ಚಿಟಿಕೆ ಹೊಡೆಯುವಷ್ಟು ಹೊತ್ತಿನ ದೃಶ್ಯಕ್ಕೆ ನಮ್ಮ ಹಳೆಯ ಕಂಪ್ಯೂಟರು ಇಡೀ ರಾತ್ರಿ ತಿಣುಕುತ್ತಿತ್ತು. ಹೊರಗೆ ನಿಜವಾದ ಮಳೆ ಪುಕ್ಕಟೆಯಾಗಿ ಸುರಿಯುತ್ತಿರುವಾಗ ಇದೇಕಮ್ಮಾ ಎಂದು ಕೇಳಿದೆ. ಮನುಷ್ಯರು ಮನೆ ಮನೆಯಲ್ಲೂ ಪುಕ್ಕಟೆ ಮಾತಾಡುತ್ತಿರುವಾಗ ನೀವು ಪ್ರಬಂಧ ಬರೆಯುವುದೇಕೆ ಎಂದು ಅವಳು ತಿರುಗಿ ಕೇಳಲಿಲ್ಲ. ದೊಡ್ಡ ಮನಸ್ಸು.

ಅಂತೂ ಗ್ರಾಫಿಕ್ಸ್ ಕಾರ್ಡು ಬೇಕೆಂದು ತೀರ್ಮಾನವಾಯಿತು. ಆರ್‌ಟಿಎಕ್ಸ್ 3060, 12 ಜಿಬಿಯದು. 2021ರಲ್ಲಿ ಬಂದದ್ದು, ಅಂದರೆ ಆ ಲೋಕದ ಲೆಕ್ಕದಲ್ಲಿ ಅದಾಗಲೇ ಷಷ್ಟ್ಯಬ್ದಿ ಮುಗಿಸಿಕೊಂಡದ್ದು. ಆದರೆ ಮೆಮೊರಿ ಧಾರಾಳವಾಗಿರುವುದರಿಂದ ರೆಂಡರಿಂಗ್ ಮಾಡುವವರಿಗೆ ಅದರ ಮೇಲೆ ಇನ್ನೂ ಮಮಕಾರವಂತೆ. ಕಾರ್ಡು ಎಂದರೆ ನನ್ನ ಕಲ್ಪನೆಯಲ್ಲಿದ್ದದ್ದು ರೇಷನ್ ಕಾರ್ಡಿನ ಅಳತೆ. ಬಂದದ್ದು ಎರಡು ಫ್ಯಾನು ಕಟ್ಟಿಕೊಂಡು, ಎರಡು ಕೈಯಲ್ಲಿ ಎತ್ತಬೇಕಾದ ಆಸಾಮಿ. ಅಂಗಡಿಯ ಹುಡುಗ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿದ್ದ: "ಎಸ್‌ಎಂಪಿಎಸ್ ಎಷ್ಟು ವ್ಯಾಟಿಂದು ಸಾರ್?" ಹಳೆಯ ಕ್ಯಾಬಿನೆಟ್ಟಿನ ಜೊತೆಗೇ ಫ್ರೀ ಬಂದಿದ್ದ ಡಬ್ಬಿ, ಮೈಮೇಲೆ ದೊಡ್ಡದಾಗಿ 450 ಎಂದು ಬರೆದಿತ್ತು. ಹಾಗೆಂದು ಹೇಳಿದೆವು. "ಸಾಕು ಸಾರ್, ಓಡುತ್ತೆ" ಎಂದ.

ಓಡಿತು ಕೂಡ. ಮೂರು ನಿಮಿಷ.

ವಿಶೇಷವೆಂದರೆ ಬರೀ ತೆರೆದಿಟ್ಟರೆ ಏನೂ ತೊಂದರೆ ಇಲ್ಲ. ಸಿನಿಮಾ ನೋಡಬಹುದು, ನನ್ನ ಸಾಲು ಅಳಿಸಬಹುದು. ಮಗಳು ರೆಂಡರ್ ಎಂಬ ಗುಂಡಿ ಒತ್ತಿದ ಕೂಡಲೇ ಫ್ಯಾನುಗಳು ಏರುದನಿಯಲ್ಲಿ ಹಾಡತೊಡಗುತ್ತವೆ, ಸ್ವಲ್ಪ ಹೊತ್ತಿಗೆ ಟಪ್ಪೆಂದು ಇಡೀ ಸಂಸಾರ ಕತ್ತಲು. ಹೊಗೆ ಇಲ್ಲ, ವಾಸನೆ ಇಲ್ಲ. ಇಂಥ ಕಾಯಿಲೆಗೆ ವೈದ್ಯರಿಗೆ ಬರವೇ? ಅಮ್ಮ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಎದುರು ಮನೆಯವರು ವೈರಸ್ ಎಂದರು. ಸಾಫ್ಟ್‌ವೇರಿನಲ್ಲಿರುವ ನನ್ನ ಭಾವಮೈದುನ ಫೋನಿನಲ್ಲೇ ಡ್ರೈವರ್ ಅಪ್‌ಡೇಟ್ ಮಾಡಲು ಹೇಳಿದ. ಆ ವೃತ್ತಿಯವರು ಮನೆಯ ಮಾಡು ಸೋರಿದರೂ ಮೊದಲು ಅಪ್‌ಡೇಟ್ ಮಾಡಿಸುತ್ತಾರೆ.

ನನ್ನ ರೋಗನಿದಾನ ಒಂದೇ ಮಾತಿನದು: ವೋಲ್ಟೇಜ್. ನಾನು ಬೆಳೆದದ್ದು ಮಲೆನಾಡಿನ ಹಳ್ಳಿಯಲ್ಲಿ. ಅಲ್ಲಿ ಲೋಕದ ಸಕಲ ಸಂಕಟಗಳಿಗೂ ಅದೇ ಕಾರಣ. ಯಾರದೋ ತೋಟದಲ್ಲಿ ಪಂಪ್‌ಸೆಟ್ ಚಾಲೂ ಆದರೆ ನಮ್ಮ ಮನೆಯ ಬಲ್ಬಿನ ತಂತಿ ಕೆಂಪಗೆ ಕಾಣುವಷ್ಟು ಮಂಕಾಗುತ್ತಿತ್ತು. ಫ್ರಿಜ್ಜಿನ ಮೇಲೆ ಸ್ಟೆಬಿಲೈಸರು, ಅದರ ಮೇಲೆ ಕ್ರೋಶೆಯ ಹೊದಿಕೆ, ಹೊದಿಕೆಯಲ್ಲಿ ಮುಳ್ಳು ಕಾಣುವಷ್ಟು ಒಂದು ಕಿಂಡಿ. ಸಂಜೆ ಹೊತ್ತು ಆ ಮುಳ್ಳು ನೋಡುವುದು ಅಪ್ಪನ ಕೆಲಸ. 170ಕ್ಕೆ ಇಳಿದರೆ ಅವರ ಮುಖವೂ ಇಳಿಯುತ್ತಿತ್ತು. ಈಗಲೂ ಹಾಲು ಒಡೆದರೆ ನನ್ನ ಕಣ್ಣು ಒಮ್ಮೆ ಟ್ಯೂಬ್‌ಲೈಟಿನ ಕಡೆ ಹೋಗುವುದುಂಟು.

ವೋಲ್ಟೇಜೇ ಕಾರಣ ಎಂದು ಆಮೇಲೆ ಖಚಿತವಾದಾಗ ನನಗೆ ಒಳಗೊಳಗೇ ಹಿಗ್ಗು. ಇಳಿಯುತ್ತಿದ್ದದ್ದು ಬೀದಿಯ 230 ಅಲ್ಲ, ಡಬ್ಬಿಯೊಳಗಿನ 12.

ಅದನ್ನು ಕಂಡುಹಿಡಿದವನು ನಮ್ಮ ಬೀದಿಯ ತುದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗ. ಬಂದವನೇ ನೆಲದ ಮೇಲೆ ಅಡ್ಡ ಮಲಗಿ, ಮೊಬೈಲಿನ ಟಾರ್ಚು ಬಿಟ್ಟು, ಡಬ್ಬಿಯ ಪಕ್ಕಕ್ಕೆ ಅಂಟಿಸಿದ್ದ ಚೀಟಿ ಓದಿದ. ದೊಡ್ಡ ಅಕ್ಷರದ 450ರ ಕೆಳಗೆ ಇರುವೆ ಸಾಲಿನಷ್ಟು ಸಣ್ಣಕ್ಕೆ ಒಂದು ಕೋಷ್ಟಕವಿತ್ತು. 3.3 ವೋಲ್ಟಿಗೆ ಇಷ್ಟು ಆಂಪಿಯರ್, 5 ವೋಲ್ಟಿಗೆ ಇಷ್ಟು, 12 ವೋಲ್ಟಿಗೆ 14. "ಸಾರ್, ಹನ್ನೆರಡು ಹದಿನಾಲ್ಕಲೆ ಎಷ್ಟು?" ಎಂದು ಮಲಗಿದಲ್ಲಿಂದಲೇ ಕೇಳಿದ. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ ಮೇಲೆ ನನ್ನನ್ನು ಯಾರೂ ಹೀಗೆ ಮಗ್ಗಿ ಕೇಳಿರಲಿಲ್ಲ. ಮಗಳೇ ಹೇಳಿದಳು: 168. "ಕಾರ್ಡಿಗೊಂದಕ್ಕೇ 170 ಬೇಕು. ಪ್ರೊಸೆಸರಿಗೆ ಗಾಳಿ ಕುಡಿಸ್ತೀರಾ?"

ಮತ್ತೆ ಆ 450 ಎಲ್ಲಿದೆ ಎಂದು ಕೇಳಿದೆ. "ಡಬ್ಬಿ ಮೇಲೆ" ಎಂದ.

ಅವನು ವಿವರಿಸಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಹಿಂದಿನ ಕಂಪ್ಯೂಟರುಗಳು ಹೆಚ್ಚಾಗಿ 5 ವೋಲ್ಟು, 3.3 ವೋಲ್ಟಿನಲ್ಲೇ ಬದುಕುತ್ತಿದ್ದವು. ಈಗ ಪ್ರೊಸೆಸರಾಗಲಿ ಗ್ರಾಫಿಕ್ಸ್ ಕಾರ್ಡಾಗಲಿ ಕೇಳುವುದು 12 ವೋಲ್ಟನ್ನು. ಅದನ್ನು ತಮ್ಮ ಮಗ್ಗುಲಲ್ಲೇ ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿಕೊಂಡು ಉಣ್ಣುತ್ತವೆ. ಆದ್ದರಿಂದ ಎಸ್‌ಎಂಪಿಎಸ್‌ನ ಯೋಗ್ಯತೆಯೆಲ್ಲ ಆ ಒಂದು ಸಾಲಿನಲ್ಲಿದೆ: 12 ವೋಲ್ಟಿಗೆ ಎಷ್ಟು ಆಂಪಿಯರ್? ಉಳಿದ ಸಾಲುಗಳನ್ನೆಲ್ಲ ಕೂಡಿ, ಜೊತೆಗೆ ತಯಾರಕನ ಆತ್ಮವಿಶ್ವಾಸವನ್ನೂ ಸೇರಿಸಿ ಮೇಲೆ ದೊಡ್ಡ ಅಂಕಿ ಬರೆಯುವುದು ಅಗ್ಗದ ಡಬ್ಬಿಗಳ ಪದ್ಧತಿ. ಅಂಥ ಅಂಕಿಗಳನ್ನು ನಂಬಿಯೇ ಮನೆ ಕಟ್ಟುವ, ಮಕ್ಕಳ ಮದುವೆ ಮಾಡುವ ಜನ ನಾವು, ಡಬ್ಬಿಯೊಂದನ್ನೇ ಬೈದು ಏನು ಪ್ರಯೋಜನ?

ಮಗಳು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದಳು. ಕಾರ್ಡಿಗೆ 170. ರೈಜನ್ ಪ್ರೊಸೆಸರು ತನ್ನ ಮೈಮೇಲೆ 65 ಎಂದು ಬರೆದುಕೊಂಡಿದ್ದರೂ ಹಸಿವಾದಾಗ ಇನ್ನೊಂದು ತುತ್ತು ಹೆಚ್ಚೇ ಹಾಕಿಸಿಕೊಳ್ಳುತ್ತದೆ. ಮದರ್‌ಬೋರ್ಡು, ರ‍್ಯಾಮು, ಡಿಸ್ಕು, ಫ್ಯಾನು ಎಲ್ಲ ಸೇರಿ 50. ಒಟ್ಟು 300ರ ಒಳಗೆ. ಆದರೆ ಎನ್‌ವಿಡಿಯಾ ಕಂಪನಿ ಈ ಕಾರ್ಡಿಗೆ 550 ವ್ಯಾಟಿನ ಪವರ್ ಸಪ್ಲೈ ಇರಲಿ ಎನ್ನುತ್ತದೆ. ಉಳಿದ 250 ಯಾರ ಜೇಬಿಗೆ? ಅನುಮಾನ ನನ್ನ ಹುಟ್ಟುಗುಣ.

ಇಲ್ಲಿ ನಮ್ಮ ಕಡೆಯ ಮದುವೆ ಅಡುಗೆಯ ಭಟ್ಟರ ವಿಷಯ ಹೇಳಬೇಕು. ಅವರನ್ನು ಗೊತ್ತು ಮಾಡಲು ಹೋದವರು ಐನೂರು ಜನ, ಆರುನೂರು ಜನ ಎಂದು ಒಟ್ಟು ಲೆಕ್ಕ ಹೇಳುತ್ತಾರೆ. ಭಟ್ಟರು ಅದನ್ನು ಕೇಳಿಸಿಕೊಂಡ ಹಾಗೆ ತಲೆ ಆಡಿಸಿ, "ಒಂದು ಪಂಕ್ತಿಗೆ ಎಷ್ಟು ಎಲೆ?" ಎಂದು ಕೇಳುತ್ತಾರೆ. ಐನೂರು ಜನ ನಾಲ್ಕು ಪಂಕ್ತಿಯಲ್ಲಿ ಉಂಡರೆ ಅದು ಊಟ. ಧಾರೆ ಮುಗಿದ ಮರುಕ್ಷಣ ಐನೂರೂ ಜನ ಒಟ್ಟಿಗೆ ಬಾಗಿಲು ನುಗ್ಗಿದರೆ ಅದು ದಂಗೆ. ಗ್ರಾಫಿಕ್ಸ್ ಕಾರ್ಡು ಎರಡನೆಯ ಜಾತಿಯ ಅತಿಥಿ. ಸರಾಸರಿ ನೋಡಿದರೆ 170 ವ್ಯಾಟಿನ ಸಂಭಾವಿತ. ಆದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ಗಳಿಗೆಯಲ್ಲಿ ತಟಕ್ಕನೆ ಅದಕ್ಕಿಂತ ಬಹಳ ಹೆಚ್ಚು ಎಳೆದು, ಏನೂ ಆಗದವನ ಹಾಗೆ ಮತ್ತೆ ಕೆಳಗಿಳಿದು ಕೂರುತ್ತದೆ. ನಮ್ಮ ಮೀಟರಿಗೆ ಅದು ಕಾಣುವುದಿಲ್ಲ, ಎಸ್‌ಎಂಪಿಎಸ್‌ಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಈ ಹಾವಳಿ ಹೆಚ್ಚಾದದ್ದರಿಂದ 2022ರಲ್ಲಿ ಇಂಟೆಲ್‌ನವರು ಹೊರಡಿಸಿದ ಎಟಿಎಕ್ಸ್ 3.0 ಎಂಬ ನಿಯಮಾವಳಿಯಲ್ಲಿ, ದೊಡ್ಡ ಪವರ್ ಸಪ್ಲೈಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡಿನ ಮಟ್ಟಿಗೆ ತಾಳಿಕೊಳ್ಳಬೇಕು ಎಂದು ಬರೆದಿಟ್ಟರು. ಒಳ್ಳೆಯ ಭಟ್ಟರ ಕೊಪ್ಪರಿಗೆಯಲ್ಲಿ ಅಷ್ಟು ಸಾರು ಯಾವಾಗಲೂ ಮಿಗತೆ ಇರುತ್ತದೆ. ಕೈಲಾಗದ ಭಟ್ಟರು ಸೌಟು ಎಸೆದು ಹಿತ್ತಲ ಬಾಗಿಲಿನಿಂದ ಮನೆಗೆ ಹೋಗುತ್ತಾರೆ. ನಮ್ಮ ಡಬ್ಬಿ ಮೂರನೆಯ ನಿಮಿಷಕ್ಕೆ ಮಾಡುತ್ತಿದ್ದದ್ದು ಅದನ್ನೇ.

ಹಾಗೆ ಸೌಟು ಎಸೆಯುವುದು ಒಂದು ಸದ್ಗುಣ ಎಂದು ರಿಪೇರಿ ಹುಡುಗನ ಅಭಿಪ್ರಾಯ. ಹೊರೆ ಮೀರಿದರೆ, ವೋಲ್ಟೇಜು ಕುಸಿದರೆ, ಶಾರ್ಟ್ ಆದರೆ, ಕಾವು ಏರಿದರೆ ತಾನಾಗಿ ಆಫ್ ಆಗುವ ವ್ಯವಸ್ಥೆ ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಇದ್ದೇ ಇರಬೇಕು. ಅದಿಲ್ಲದ ಡಬ್ಬಿಗಳು ಛಲ ಬಿಡದೆ ಕೊನೆಯವರೆಗೂ ಹೋರಾಡಿ, ಸಾಯುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತವೆ. ಸ್ವಾಮಿನಿಷ್ಠೆಗೆ ಶಾಸನ ಕೆತ್ತಿಸುತ್ತಿದ್ದ ನಾಡಿನವನಾದ ನನಗೆ ಈ ತರ್ಕ ಒಗ್ಗಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಹೊಸದು ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಆ ರಸ್ತೆಯಲ್ಲಿ ನಡೆಯುವುದೆಂದರೆ ಎರಡೂ ಭುಜಗಳನ್ನು ಒಳಗೆ ಎಳೆದುಕೊಂಡು ನಡೆಯುವುದು. ಒಂದು ಕಡೆ ಕೇಬಲಿನ ಸುರುಳಿ ಹೊತ್ತ ಕೈಗಾಡಿ, ಇನ್ನೊಂದು ಕಡೆ ಮಾನಿಟರು ತಲೆಯ ಮೇಲಿಟ್ಟುಕೊಂಡು ಓಡುವವನು, ನಡುವೆ ಹಾರ್ನು. ಪ್ರತಿ ಅಂಗಡಿಯವನೂ "ಏನ್ ಬೇಕು ಸಾರ್?" ಎಂದು ಕೇಳುತ್ತಾನೆ, ನಾವು ಹೇಳುವ ಮೊದಲೇ "ಇದೆ ಬನ್ನಿ" ಎನ್ನುತ್ತಾನೆ. ನಾವು ಹೊಕ್ಕ ಅಂಗಡಿಯಲ್ಲಿ ಒಬ್ಬ ತರುಣ, ನೋಡಿದರೆ ಐವತ್ತು ಸಾವಿರಕ್ಕೂ ಮಿಕ್ಕ ಕಾರ್ಡು ಕೊಂಡಿದ್ದಾನೆ, ಬಣ್ಣಬಣ್ಣದ ದೀಪದ ಫ್ಯಾನು ಆರಿಸಿದ್ದಾನೆ, ಕೊನೆಗೆ ಎಸ್‌ಎಂಪಿಎಸ್ ಬಂದಾಗ "ಅದು ಯಾವುದಾದ್ರೂ ಲೋಕಲ್ ಹಾಕಿ ಅಣ್ಣ" ಎಂದು ಏಳುನೂರು ರೂಪಾಯಿಗೆ ಚೌಕಾಸಿ ಮಾಡುತ್ತಿದ್ದಾನೆ. ಮಗಳು ನನ್ನ ಅಂಗಿ ಹಿಡಿದು ಎಳೆಯದಿದ್ದರೆ ನಾನು ಅವನಿಗೆ ಹನ್ನೆರಡರ ಮಗ್ಗಿ ಕೇಳಿಬಿಡುತ್ತಿದ್ದೆ. ಅರ್ಧ ಗಂಟೆಯ ಹಿಂದೆ ಕಲಿತ ವಿದ್ಯೆಗೆ ಇರುವ ಆವೇಶ ಪಂಡಿತರ ವಿದ್ಯೆಗೆ ಎಲ್ಲಿಂದ ಬರಬೇಕು?

ಅಂಗಡಿಯವರು ನಮ್ಮ ಮುಂದೆ ಡಬ್ಬಗಳನ್ನು ಜೋಡಿಸಿದರು. ಒಂದರ ಮೇಲೆ ಬ್ರಾಂಜ್ ಎಂದು ಮುದ್ರೆ, ಇನ್ನೊಂದರ ಮೇಲೆ ಗೋಲ್ಡ್. ಗ್ರಾಂ ಚಿನ್ನಕ್ಕೆ ಈಗಿರುವ ಬೆಲೆ ನೆನೆದು ಆ ಡಬ್ಬವನ್ನು ಮೆಲ್ಲನೆ ಕೆಳಗಿಟ್ಟೆ. ಇದು 80 ಪ್ಲಸ್ ಎಂಬ ಪರೀಕ್ಷೆಯ ಮುದ್ರೆ, 2004ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಲೋಹದ ಹೆಸರುಗಳು 2008ರಲ್ಲಿ ಬಂದವು. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ಮುಟ್ಟುತ್ತದೆ, ಎಷ್ಟು ಬರೀ ಬಿಸಿಯಾಗಿ ಪೋಲಾಗುತ್ತದೆ ಎಂಬುದಷ್ಟೇ ಅದರ ವಿಚಾರ. ಅರ್ಧ ಹೊರೆಯಲ್ಲಿ ಬ್ರಾಂಜಿನವನು ಶೇ. 85 ಮುಟ್ಟಿಸಬೇಕು, ಗೋಲ್ಡಿನವನು ಶೇ. 90. ಅದು ಅಮೆರಿಕದ 115 ವೋಲ್ಟಿನ ಲೆಕ್ಕ, ನಮ್ಮ 230ರಲ್ಲಿ ಇನ್ನೊಂದಿಷ್ಟು ಹೆಚ್ಚೇ ದಕ್ಕುತ್ತದೆ. ಪರೀಕ್ಷೆ ನಡೆಯುವುದು 23 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕೋಣೆಯಲ್ಲಿ. ಮೇ ತಿಂಗಳ ರಾಯಚೂರಿನಲ್ಲಿ 23 ಡಿಗ್ರಿಯ ಕೋಣೆ ಇದ್ದರೆ ಅದರೊಳಗೆ ಕಂಪ್ಯೂಟರನ್ನಲ್ಲ, ಮನೆಯವರನ್ನು ಇಡಬೇಕು. ಒಳ್ಳೆಯ ತಯಾರಕರು 40 ಡಿಗ್ರಿಯಲ್ಲೋ 50 ಡಿಗ್ರಿಯಲ್ಲೋ ಪೂರ್ತಿ ವ್ಯಾಟು ಕೊಡುತ್ತೇವೆಂದು ಬರೆದಿರುತ್ತಾರೆ. ನಮ್ಮ ಹವೆಗೆ ಆ ಸಾಲು ಮುದ್ರೆಯ ಬಣ್ಣಕ್ಕಿಂತ ಮುಖ್ಯ.

ಚಿನ್ನಕ್ಕೂ ಕರೆಂಟಿಗೂ ನಮ್ಮಲ್ಲಿ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದಾಗ ಅದು ಮೊದಲು ಹೋದದ್ದು ಯಾರ ಮನೆಯ ದೀಪಕ್ಕೂ ಅಲ್ಲ, 150 ಕಿಲೋಮೀಟರಿಗೆ ಹತ್ತಿರದ ದೂರ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಡುವಿನ ಊರಿನವರು ಮೂರು ವರ್ಷ ತಂತಿಯ ಕೆಳಗೆ ಲಾಟೀನು ಹಿಡಿದು ಓಡಾಡಿದರು. ಈ ಇತಿಹಾಸವನ್ನು ಅಂಗಡಿಯವರಿಗೆ ಹೇಳಿದೆ. "ಹೌದಾ ಸಾರ್, ಬ್ರಾಂಜ್ ಕೊಡ್ಲಾ?" ಎಂದರು.

ನಾನು ಕೈಯಲ್ಲಿ ಎತ್ತಿ ತೂಕ ನೋಡಿದೆ. ಇದು ತೆಂಗಿನಕಾಯಿ ಕೊಳ್ಳುವಾಗಿನ ಅಭ್ಯಾಸ ಎಂದು ಮಗಳು ಗೊಣಗಿದಳು, ಆದರೆ ಈ ವಸ್ತುವಿನಲ್ಲಿ ಅಭ್ಯಾಸಕ್ಕೆ ಸ್ವಲ್ಪ ಆಧಾರವೂ ಇದೆ. ಹಿಂದಿನ ಪವರ್ ಸಪ್ಲೈಗಳಲ್ಲಿ ದಪ್ಪ ಕಬ್ಬಿಣದ ಟ್ರಾನ್ಸ್‌ಫಾರ್ಮರು ಇರುತ್ತಿತ್ತು, ಸೆಕೆಂಡಿಗೆ 50 ಸಲ ತೂಗಾಡುವ ಕರೆಂಟಿಗೆ ಅಷ್ಟು ಕಬ್ಬಿಣ ಬೇಕಿತ್ತು. ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಬಿಟ್ಟರೆ ಟ್ರಾನ್ಸ್‌ಫಾರ್ಮರು ಬೆಂಕಿಪೆಟ್ಟಿಗೆಯ ಲೆಕ್ಕಕ್ಕೆ ಇಳಿಯುತ್ತದೆ. ಎಸ್‌ಎಂಪಿಎಸ್‌ನ ಕಸುಬು ಇದೇ. 1977ರ ಆಪಲ್ 2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಎಂಬಾತ ಇಂಥದ್ದನ್ನು ಮಾಡಿಕೊಟ್ಟ, ಫ್ಯಾನಿನ ಸದ್ದು ಕೂಡದೆಂಬ ಸ್ಟೀವ್ ಜಾಬ್ಸ್‌ನ ಹಟಕ್ಕೆ. ಕಬ್ಬಿಣ ಹೋದರೂ ಒಳ್ಳೆಯದರಲ್ಲಿ ತಾಮ್ರದ ಸುರುಳಿ, ಅಲ್ಯುಮಿನಿಯಂ ರೆಕ್ಕೆ, ದಪ್ಪ ಕೆಪಾಸಿಟರು ಇದ್ದೇ ಇರುತ್ತವೆ, ತೂಕ ಬಂದೇ ಬರುತ್ತದೆ. ನಮ್ಮ ಹಳೆಯ ಡಬ್ಬಿಯನ್ನು ರಿಪೇರಿ ಹುಡುಗ ಬಿಚ್ಚಿ ತೋರಿಸಿದ್ದ. ಬೋರ್ಡಿನ ಮೇಲೆ, ಬೀದಿಯ ಕರೆಂಟು ಒಳಬರುವ ಕಡೆ, ಸುರುಳಿಗಳು ಕೂರಬೇಕಾದ ಜಾಗಕ್ಕೆ ಬಿಳಿ ಗೆರೆಯಲ್ಲಿ ವೃತ್ತ ಬರೆದು ನಂಬರು ಕೊಟ್ಟಿದ್ದಾರೆ. ಸುರುಳಿ ಮಾತ್ರ ಇಲ್ಲ, ಅದರ ಬದಲು ಇತ್ತಲಿಂದತ್ತ ಒಂದು ಮೋಟು ತಂತಿ. ಮಂಜೂರಾಗಿ, ಉದ್ಘಾಟನೆಯಾಗಿ, ಕಟ್ಟದೆ ಬಿಟ್ಟ ಸೇತುವೆಗಳು ನೆನಪಾದವು. ಮನೆಯಲ್ಲಿ ಯಾರೂ ಇದನ್ನು ಬಿಚ್ಚಲು ಹೋಗಬೇಡಿ. ಒಳಗಿನ ದಪ್ಪ ಕೆಪಾಸಿಟರು ಮುನ್ನೂರು ವೋಲ್ಟಿಗೂ ಮೇಲೆ ತುಂಬಿಕೊಂಡು ಕೂತಿರುತ್ತದೆ, ಪ್ಲಗ್ಗು ತೆಗೆದ ಮೇಲೂ ಸುಮಾರು ಹೊತ್ತು ಅದರ ಸಿಟ್ಟು ಇಳಿಯುವುದಿಲ್ಲ.

ಅಂಗಡಿಯವರು ಇನ್ನೊಂದು ಅಗ್ಗದ ಉಪಾಯ ಮುಂದಿಟ್ಟರು: ಹಳೆಯ ಎಸ್‌ಎಂಪಿಎಸ್‌ನ ಸಾಟಾ ವೈರಿಗೆ ಒಂದು ಕನ್ವರ್ಟರ್ ಹಾಕಿ ಕಾರ್ಡಿನ ಎಂಟು ಕಡ್ಡಿಯ ಪ್ಲಗ್ಗು ಮಾಡಿಕೊಳ್ಳಬಹುದಂತೆ. ಬೆಲೆ ನೂರು ರೂಪಾಯಿಯ ಒಳಗೆ. ಮಗಳು ಬೇಡವೆಂದು ಕೈಮುಗಿದಳು. ಹಾರ್ಡ್‌ಡಿಸ್ಕಿಗೆಂದು ಮಾಡಿದ ಸಾಟಾ ಪ್ಲಗ್ಗಿನ 12 ವೋಲ್ಟಿನ ಕಡ್ಡಿಗಳು ತಾಳುವುದು 54 ವ್ಯಾಟು, ಎಂಟು ಕಡ್ಡಿಯ ಪ್ಲಗ್ಗಿನ ಮೂಲಕ ಕಾರ್ಡು 150ರವರೆಗೂ ಎಳೆಯಬಹುದು. ಮದರ್‌ಬೋರ್ಡಿನ ಸ್ಲಾಟಿನಿಂದ 75, ಆರು ಕಡ್ಡಿಯಿಂದ 75, ಎಂಟು ಕಡ್ಡಿಯಿಂದ 150 ಎಂದು ದೊಡ್ಡವರು ಕೂತು ಹಂಚಿಕೆ ಮಾಡಿಟ್ಟಿದ್ದಾರೆ. ಆಸ್ತಿ ಪಾಲು ಇಷ್ಟು ನಿಚ್ಚಳವಾಗಿರುವಾಗ ನಡುವೆ ಕನ್ವರ್ಟರ್ ಯಾಕೆ? ಹಾಗೆಯೇ ಬಿಡಿಸಿ ಸಿಕ್ಕಿಸುವ ವೈರಿನ ಎಸ್‌ಎಂಪಿಎಸ್‌ಗಳಲ್ಲಿ ಒಂದರ ವೈರನ್ನು ಇನ್ನೊಂದಕ್ಕೆ ಹಾಕಬಾರದು. ಪ್ಲಗ್ಗು ಸಲೀಸಾಗಿ ಕೂರುತ್ತದೆ, ಒಳಗಿನ ತಂತಿಗಳ ಕ್ರಮ ಮಾತ್ರ ಕಂಪನಿಗೊಂದು ಥರ. ನಂಟಸ್ತನದಲ್ಲಿ ಮೋಸ ಹೋಗುವುದೂ ಹೀಗೆಯೇ ಎಂದು ಅಮ್ಮನ ಟಿಪ್ಪಣಿ.

ಕಾರ್ಡಿನ ಹೊಟ್ಟೆ ತುಂಬಿಸುವ ಈ ಪರದಾಟ ಇವತ್ತಿನದಲ್ಲ. 2000ದಲ್ಲಿ 3ಡಿಎಫ್ಎಕ್ಸ್ ಎಂಬ ಕಂಪನಿ ವೂಡೂ5 6000 ಎಂಬ ಕಾರ್ಡು ಮಾಡಿತು, ನಾಲ್ಕು ಚಿಪ್ಪಿನದು. ಆಗಿನ ಸ್ಲಾಟಿಗೆ ಅದನ್ನು ಸಾಕುವ ತಾಕತ್ತಿಲ್ಲವಾಗಿ, ಗೋಡೆಗೇ ಬೇರೆ ಪ್ಲಗ್ಗು ಹಾಕುವ ಹೊರಗಿನ ಅಡಾಪ್ಟರೊಂದನ್ನು ಅದಕ್ಕೆ ಅಂಟಿಸಿದ್ದರು. ಒಂದೇ ಮನೆಯೊಳಗೆ ಬೇರೆ ಒಲೆ ಹೂಡಿದ ಹಾಗಾಯಿತು. ಕಾರ್ಡು ಅಂಗಡಿಗೆ ಬರಲೇ ಇಲ್ಲ, ವರ್ಷ ಮುಗಿಯುವಷ್ಟರಲ್ಲಿ ಕಂಪನಿಯ ಆಸ್ತಿಯನ್ನು ಎನ್‌ವಿಡಿಯಾ ಕೊಳ್ಳುವ ಒಪ್ಪಂದವಾಯಿತು. ಆ ಎನ್‌ವಿಡಿಯಾದ ಪಾಡೂ ಸುಖದ್ದಲ್ಲ. 2022ರಲ್ಲಿ 450 ವ್ಯಾಟಿನ ಆರ್‌ಟಿಎಕ್ಸ್ 4090 ಬಂದಾಗ, 600 ವ್ಯಾಟನ್ನು ಒಂದೇ ಪುಟ್ಟ ಪ್ಲಗ್ಗಿನಲ್ಲಿ ಹಾಯಿಸುವ ಹೊಸ ಕನೆಕ್ಟರು ಕೆಲವರ ಮನೆಯಲ್ಲಿ ಕರಗಿಹೋಯಿತು. ಪ್ಲಗ್ಗು ಪೂರ್ತಿ ಒತ್ತದೆ ಬಿಟ್ಟದ್ದು ಕಾರಣ ಎಂದು ಕಂಪನಿ ಹೇಳಿತು. ಮರುವರ್ಷ, ಪೂರ್ತಿ ಕೂರದಿದ್ದರೆ ಕರೆಂಟೇ ಬಿಡದ ಹಾಗೆ ಸೂಚನೆಯ ಕಡ್ಡಿಗಳನ್ನು ಗಿಡ್ಡ ಮಾಡಿದ ಪರಿಷ್ಕೃತ ಪ್ಲಗ್ಗು ಬಂತು. 2025ರ ಆರ್‌ಟಿಎಕ್ಸ್ 5090 ಒಂದೇ 575 ವ್ಯಾಟು ತಿನ್ನುತ್ತದೆ. ಐಬಿಎಂನವರ ಆ ಮೊದಲ ಪಿಸಿಗಳ ಒಂಬತ್ತು ಪವರ್ ಸಪ್ಲೈ ಒಟ್ಟು ಹಾಕಿದರೂ ಅದಕ್ಕೆ ಸಾಲದು.

ಕೊನೆಗೆ 550 ವ್ಯಾಟಿನ ಬ್ರಾಂಜ್ ಕೊಂಡೆವು. ಚೀಟಿಯಲ್ಲಿ 12 ವೋಲ್ಟಿಗೆ 45 ಆಂಪಿಯರ್, ಅಂದರೆ 540 ವ್ಯಾಟು, ಹೇಳಿದ್ದಕ್ಕೂ ಕೊಡುವುದಕ್ಕೂ ಹತ್ತೇ ವ್ಯಾಟಿನ ಅಂತರ. ಐದು ವರ್ಷ ವಾರಂಟಿ, ಬಿಲ್ಲು ಸಮೇತ 4,500 ರೂಪಾಯಿ. 1000 ವ್ಯಾಟಿಂದೇ ತಗೊಳ್ಳಿ ಸಾರ್, ಮುಂದಕ್ಕೆ ಆಗುತ್ತೆ ಎಂದು ಅಂಗಡಿಯವರು ಒತ್ತಾಯಿಸಿದರು. ಅಷ್ಟು ದೊಡ್ಡದು ಹಾಕಿದರೆ ಬಿಲ್ಲು ಜಾಸ್ತಿ ಬರುವುದಿಲ್ಲವೇ ಎಂದು ಕೇಳಿದೆ. ಇಲ್ಲವಂತೆ, ಕಂಪ್ಯೂಟರು ಕೇಳಿದಷ್ಟನ್ನೇ ಅದು ಗೋಡೆಯಿಂದ ಎಳೆಯುತ್ತದೆ, ಜೊತೆಗೆ ಪೋಲಾಗುವ ಚೂರು. ಆದರೂ ಇಬ್ಬರ ಸಂಸಾರಕ್ಕೆ ಕಲ್ಯಾಣಮಂಟಪದ ಕೊಪ್ಪರಿಗೆ ಕೊಳ್ಳುವ ಉಮೇದು ನನಗಿರಲಿಲ್ಲ.

ಹೊಸ ಎಸ್‌ಎಂಪಿಎಸ್ ಕೂರಿಸಿದ ಮೇಲೆ ರೆಂಡರಿಂಗು ಸುಸೂತ್ರವಾಗಿ ನಡೆಯಿತು, ಅರಚಿಕೊಂಡದ್ದು ಯುಪಿಎಸ್ಸು. ಅದರ ಮೈಮೇಲೆ 600 ಎಂದು ಬರೆದಿತ್ತು. ಈಗ ನಾನೇ ನೆಲದ ಮೇಲೆ ಅಡ್ಡ ಮಲಗಿ ಸಣ್ಣ ಅಕ್ಷರ ಓದಿದೆ: 600 ವಿಎ, 360 ವ್ಯಾಟ್. ಮಾನಿಟರು, ಕಂಪ್ಯೂಟರು, ಯಾರೋ ಅದಕ್ಕೇ ಸಿಕ್ಕಿಸಿದ್ದ ಸ್ಪೀಕರು ಎಲ್ಲ ಸೇರಿ ಅದರ ಕುತ್ತಿಗೆಯವರೆಗೆ ಬಂದಿತ್ತು. ಸ್ಪೀಕರು ಕಿತ್ತ ಮೇಲೆ ಸುಮ್ಮನಾಯಿತು. ಆ ಹೊರೆಯಲ್ಲಿ ಕರೆಂಟು ಹೋದರೆ ಬ್ಯಾಟರಿ ಕೊಡುವುದು ಕೆಲವೇ ನಿಮಿಷ, ಕೆಲಸ ಉಳಿಸಿ ಆಫ್ ಮಾಡುವಷ್ಟು.

ಇನ್ನೊಂದು ಜುಮ್ಮೆನ್ನುವ ಸಂಗತಿ ಉಳಿದಿತ್ತು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟು ಮುಟ್ಟಿದರೆ ಬೆರಳ ತುದಿಗೆ ಸಣ್ಣಗೆ ಕಚಗುಳಿ. ಹಳೆಯ ಮನೆ, ಗೋಡೆಯ ಸಾಕೆಟ್ಟಿನ ಮೂರನೆಯ ತೂತು ಶೋಭೆಗೆಂದು ಇದ್ದದ್ದು. ಎಸ್‌ಎಂಪಿಎಸ್‌ನ ಬಾಗಿಲಲ್ಲಿ ಕರೆಂಟಿನ ಗಲಾಟೆಯನ್ನು ಸೋಸಿ ಭೂಮಿಗೆ ಬಿಡುವ ಎರಡು ಪುಟ್ಟ ಕೆಪಾಸಿಟರುಗಳಿರುತ್ತವೆ. ಭೂಮಿಯ ದಾರಿಯೇ ಇಲ್ಲದಿದ್ದರೆ ಆ ಗಲಾಟೆಯೆಲ್ಲ ಕ್ಯಾಬಿನೆಟ್ಟಿನ ತಗಡಿಗೆ ಬಂದು, 230ರ ಅರ್ಧದಷ್ಟು ವೋಲ್ಟೇಜಿನಲ್ಲಿ ಮೈಮರೆತು ನಿಲ್ಲುತ್ತದೆ. ಹಳೆಯ ಡಬ್ಬಿಯಲ್ಲಿ ಸೋಸುವ ಭಾಗವೇ ಇರಲಿಲ್ಲವಾದ್ದರಿಂದ ಕಚಗುಳಿಯೂ ಇರಲಿಲ್ಲ, ಒಳ್ಳೆಯದು ಬಂದ ಮೇಲೆ ಮನೆಯ ಹುಳುಕು ಬಯಲಾಯಿತು. ಎಲೆಕ್ಟ್ರಿಷಿಯನ್ ಬಂದು ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿ, ಉಪ್ಪು ಇದ್ದಿಲು ತುಂಬಿ, ಪೈಪು ಹೂಳಿ, ಬೇಸಿಗೆಯಲ್ಲಿ ಇದಕ್ಕೆ ನೀರು ಹಾಕುತ್ತಿರಿ ಎಂದು ಹೇಳಿ ಹೋದರು. ದಾಸವಾಳಕ್ಕೆ ಎರಡು ತಂಬಿಗೆ, ಪೈಪಿಗೆ ಎರಡು ತಂಬಿಗೆ. ನಾನು ಕಬ್ಬಿಣಕ್ಕೆ ನೀರೆರೆಯುವುದನ್ನು ಬೆಳಗಿನ ವಾಕಿಂಗಿನವರು ನೋಡಿಕೊಂಡು ಹೋಗುತ್ತಾರೆ, ಏನೂ ಕೇಳುವುದಿಲ್ಲ. ಬರೆಯುವವರ ಮನೆ ಎಂದು ಅವರಿಗೆ ಗೊತ್ತು.

ರಾತ್ರಿಯಿಡೀ ರೆಂಡರಿಂಗು ನಡೆದರೆ, ಗೋಡೆಯಿಂದ 300 ವ್ಯಾಟಿನ ಲೆಕ್ಕದಲ್ಲಿ ಎಂಟು ಗಂಟೆಗೆ 2.4 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ಹಿಂದಿನ ಸರಾಸರಿ, ಅದರ ಮೇಲೆ ಶೇ. 10, ಇಷ್ಟು ಮಾತ್ರ ಪುಕ್ಕಟೆ, 200 ಯೂನಿಟ್ ದಾಟಿದರಂತೂ ಪೂರ್ತಿ ಬಿಲ್ಲು. ಹಳೆಯ ಸರಾಸರಿ ನನ್ನ ಸಾಹಿತ್ಯದ ಕಾಲದ್ದು, ಬಹಳ ಮಿತವಾದದ್ದು. ಹೀಗಾಗಿ ಬಹುಕಾಲದ ಸೊನ್ನೆಯ ನಂತರ ನಮ್ಮ ಮನೆಗೆ ಅಂಕಿಯಿದ್ದ ಬಿಲ್ಲು ಬಂತು. ಮೀಟರ್ ಓದುವವರು ಚೀಟಿ ಹರಿದು ಕೊಡುತ್ತಾ, "ಏನ್ ಸಾರ್, ಎಸಿ ಹಾಕಿಸಿದ್ರಾ?" ಎಂದರು. ಗ್ರಾಫಿಕ್ಸ್ ಕಾರ್ಡು ಎಂದೆ. ಅವರ ಮುಖ ಅರಳಿತು. ಅವರ ಮಗನೂ ಅದಕ್ಕೇ ಹಟ ಹಿಡಿದಿದ್ದಾನಂತೆ, ಮನೆಯಲ್ಲಿ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಇದೆಯಂತೆ, 500 ವ್ಯಾಟಿಂದು, ಸಾಕಾ ಸಾರ್? "ಅದರ ಪಕ್ಕದ ಚೀಟಿ ಓದಿದ್ದೀರಾ?" ಎಂದು ಕೇಳಿದೆ. ಇಲ್ಲ ಎಂದರು. ಗೇಟಿನ ಕಟ್ಟೆಯ ಮೇಲೆ ಅವರನ್ನು ಕೂರಿಸಿ, ಒಳಗಿನಿಂದ ಹಳೆಯ ಡಬ್ಬಿ ತರಿಸಿ, 12 ವೋಲ್ಟಿನ ಸಾಲಿಗೆ ಬಂದಿದ್ದೆ, ಅಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, ನಮ್ಮ ಮೀಟರ್ ಇವತ್ತೇ ಓದುತ್ತೀರೋ ನಾಳೆ ಬರುತ್ತೀರೋ ಎಂದು ಕೇಳಿದರು.